ಅಣ್ಣನಿಗೆ ಸಹಿ ಬೇಕು, ಗೈಡಿಗೆ ಅಧ್ಯಾಯ ಬೇಕು

(ಗುರುತು ಸಿಗದಂತೆ ಹೆಸರು, ಮನೆತನದ ವಿವರ, ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿ ಓದಿ ಒಪ್ಪಿದ ಮೇಲೆ ಪ್ರಕಟಿಸುತ್ತಿದ್ದೇನೆ.)

ಆಕೆಯನ್ನು ಸುಮಾ ಎಂದು ಕರೆಯೋಣ. ವಯಸ್ಸು 23. ಊರು ಬಾಗಲಕೋಟೆ ಜಿಲ್ಲೆಯಲ್ಲಿ, ಘಟಪ್ರಭಾ ದಂಡೆಗೆ. ಓದುತ್ತಿರುವುದು ಬೆಳಗಾವಿಯಲ್ಲಿ, ಸಮಾಜಶಾಸ್ತ್ರ ಎಂ.ಎ., ಕೊನೆಯ ಸೆಮಿಸ್ಟರ್. ಐಚ್ಛಿಕ ಪತ್ರಿಕೆಯಾಗಿ ಕಾನೂನಿನ ಸಮಾಜಶಾಸ್ತ್ರ ತೆಗೆದುಕೊಂಡಿದ್ದಾಳೆ. ಪ್ರಬಂಧವೂ ಅದರ ಮೇಲೆಯೇ: ಹೆಣ್ಣುಮಕ್ಕಳು ತವರಿನ ಹೊಲದ ಪಾಲನ್ನು ಯಾಕೆ, ಹೇಗೆ ಬಿಟ್ಟುಕೊಡುತ್ತಾರೆ? ಊಟ ಸೇರುತ್ತಿಲ್ಲ, ರಾತ್ರಿ ನಿದ್ದೆಯಿಲ್ಲ, ಪ್ರಬಂಧ ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ ಎಂದು ಹಾಸ್ಟೆಲಿನ ವಾರ್ಡನ್ ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದರು.

ಗೈಡ್ ಬೈಯುತ್ತಾರೆ, ಮೂರನೇ ಅಧ್ಯಾಯ ಮುಂದೆ ಹೋಗುತ್ತಿಲ್ಲ ಎಂದೇ ಮಾತು ಶುರುವಾಯಿತು. ಆಮೇಲೆ ಚೀಲದಿಂದ ಸಂದರ್ಶನದ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಮೇಲಿನದು ತುಂಬದ ಹಾಳೆ. ‘ಸಹಿ ಮಾಡುವ ಮೊದಲು ಪತ್ರವನ್ನು ಓದಿದ್ದಿರಾ?’ ಎಂಬ ಪ್ರಶ್ನೆಯ ಎದುರು ಪೆನ್ಸಿಲಿನಲ್ಲಿ ‘ಇನ್ನೂ ಇಲ್ಲ’ ಎಂದು ಬರೆದಿತ್ತು. ಅಕ್ಷರ ಯಾರದು ಎಂದು ಕೇಳಿದೆ.

“ನಂದ ರೀ ಮೇಡಂ. ಅಣ್ಣ ಫೋನ್ ಮಾಡಿದ್ದಾನ್ರಿ. ಸೋಮಾರ ಸಬ್ ರಜಿಸ್ಟ್ರಾರ್ ಆಫೀಸಿಗೆ ಬಾ, ಒಂದ್ ಸಹಿ ಮಾಡಿ ಸಂಜಿ ಬಸ್ಸಿಗೆ ಹೊಳ್ಳಿ ಹೋಗಂತಿ ಅಂದಾನ್ರಿ.”

ತಂದೆ ತೀರಿಕೊಂಡು ಎರಡು ವರ್ಷ. ಅಜ್ಜನ ಕಾಲದ ಹೊಲ. ಉತಾರ (ಪಹಣಿ) ಇನ್ನೂ ತಂದೆಯ ಹೆಸರಿನಲ್ಲಿದೆ, ವಾರಸಾ ಆಗಿಲ್ಲ, ಅಂದರೆ ವಾರಸುದಾರರ ಹೆಸರು ಏರಿಲ್ಲ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆಯಲ್ಲಿ ಆ ಹೊಲದ ಒಂದು ಭಾಗ ಮುಳುಗಡೆಗೆ ಹೋಗುತ್ತದೆಂದು ಊರಲ್ಲಿ ಮಾತಿದೆ. ಪರಿಹಾರ ಬರುವ ಹೊತ್ತಿಗೆ ಕಾಗದ ಒಬ್ಬರ ಹೆಸರಿನಲ್ಲಿ ಚೊಕ್ಕಟವಾಗಿರಲಿ, ಅದಕ್ಕೆ ತಂಗಿ ತನ್ನ ಪಾಲು ಬಿಟ್ಟು ಸಹಿ ಮಾಡಲಿ ಎಂಬುದು ಅಣ್ಣನ ಅವಸರ. ಆತ ಕೆಟ್ಟವನಲ್ಲ. ಇವಳ ಫೀ ಕಟ್ಟಿದವನು, ಹಾಸ್ಟೆಲಿಗೆ ರೊಟ್ಟಿ-ಶೇಂಗಾ ಚಟ್ನಿ ಕಟ್ಟಿಸಿಕೊಂಡು ತಂದುಕೊಟ್ಟವನು. ಅವಳ ಸಂಕಟ ಇಷ್ಟು ಬಿಗಿಯಾಗಿದ್ದದ್ದೇ ಅದಕ್ಕೆ. ದುಷ್ಟ ಅಣ್ಣನ ಎದುರು ನಿಲ್ಲುವುದು ಎಷ್ಟೋ ಸುಲಭ.

ಮಾತಿನ ನಡುವೆ ಅವಳೊಂದು ವಾದ ಮುಂದಿಟ್ಟಳು. ಈ ಪ್ರಕರಣದ ಗಂಟು ಇರುವುದು ಅಲ್ಲೇ. “ಮೇಡಂ, ಯೂಜಿನ್ ಎರ್ಲಿಕ್ ಏನ್ ಹೇಳ್ತಾನ್ರಿ, ಪುಸ್ತಕದಾಗಿನ ಕಾನೂನು ಬ್ಯಾರೆ, ಮಂದಿ ನಡೆಸೂ ಜೀವಂತ ಕಾನೂನು ಬ್ಯಾರೆ ಅಂತ. ನಮ್ಮ ಊರಾಗ ಜೀವಂತ ಕಾನೂನು ಅಂದ್ರ ಹೆಣ್ಣುಮಕ್ಕಳು ಸಹಿ ಮಾಡೂದು. ನಮ್ಮತ್ತಿ ಮಾಡ್ಯಾಳ, ದೊಡ್ಡಪ್ಪನ ಮಗಳು ಮಾಡ್ಯಾಳ. ನಾ ಯಾಕ ಒಲ್ಲೆ ಅನ್ಬೇಕ್ರಿ?”

ಓದಿದ್ದು ಸರಿಯಾಗಿಯೇ ಇತ್ತು. ಎರ್ಲಿಕ್ 1913ರಲ್ಲಿ ಕಾನೂನಿನ ಸಮಾಜಶಾಸ್ತ್ರದ ಮೇಲೆ ತನ್ನ ಪುಸ್ತಕ ಬರೆದಾಗ ಆಸ್ಟ್ರಿಯಾ ಸಾಮ್ರಾಜ್ಯದ ಬುಕೊವಿನಾ ಪ್ರಾಂತ್ಯದಲ್ಲಿ ಕಾನೂನು ಪ್ರಾಧ್ಯಾಪಕ. ಮಕ್ಕಳ ದುಡಿಮೆ ಮಕ್ಕಳದೇ ಎಂದು ಅಲ್ಲಿನ ಸಂಹಿತೆ ಹೇಳುತ್ತಿತ್ತು. ಆದರೆ ರೊಮೇನಿಯನ್ ರೈತರ ಮನೆಗಳಲ್ಲಿ ಅದು ತಂದೆಯದೇ ಆಗಿತ್ತು, ಮಕ್ಕಳು ಚಕಾರ ಎತ್ತುತ್ತಿರಲಿಲ್ಲ. ಅದನ್ನು ಅವನು ಕಂಡು ಬರೆದ. ಆ ಮಕ್ಕಳು ದುಡಿದದ್ದನ್ನು ಒಪ್ಪಿಸುತ್ತಲೇ ಇರಬೇಕು ಎಂದು ಅಪ್ಪಣೆ ಕೊಡಲಿಲ್ಲ.

ಅವಳಿಗೆ ನಾನು ಹೇಳಿದ್ದು ಇದು: “ಮಂದಿ ಯಾಕ ಹಿಂಗ ನಡೀತಾರ ಅನ್ನೂದು ನಿನ್ನ ಪ್ರಬಂಧದ ಪ್ರಶ್ನೆ. ನೀ ಹೆಂಗ ನಡೀಬೇಕು ಅನ್ನೂದು ನಿನ್ನ ಪ್ರಶ್ನೆ. ಮೊದಲನೇದಕ್ಕ ಸಿಕ್ಕ ಉತ್ತರಾನ ಎರಡನೇದಕ್ಕ ಹಚ್ಚಬ್ಯಾಡ.” ಈ ಗೊಂದಲ ಇವಳೊಬ್ಬಳದಲ್ಲ. ಸಮಾಜಶಾಸ್ತ್ರ ಓದುವ ಹಳ್ಳಿಯ ಹುಡುಗಿಯರಲ್ಲಿ ನಾನು ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಮನೆಯ ಕಟ್ಟಳೆಗೆ ಕಾರಣ ಗೊತ್ತಾದ ಕೂಡಲೇ ಅದನ್ನು ಪ್ರಶ್ನಿಸುವ ಹಕ್ಕು ತಮಗಿಲ್ಲ ಎನಿಸಿಬಿಡುತ್ತದೆ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕಿತ್ತು. ಕಾನೂನು ಓದಿದವಳು, ಮನೆಯಲ್ಲೇ ಹೋರಾಡದಿದ್ದರೆ ನೀನೆಂಥ ಸಂಶೋಧಕಿ ಎಂದು ಗೆಳತಿಯರು ಹೇಳಿದ್ದರಂತೆ. ಆ ಹೊರೆಯನ್ನೂ ಇಳಿಸಿದೆ. ಕೋರ್ಟಿಗೆ ಮತ್ತೆ ಮತ್ತೆ ಬರುವವನಿಗೂ ಜೀವಮಾನದಲ್ಲಿ ಒಮ್ಮೆ ಬರುವವನಿಗೂ ಇರುವ ಬಲ ಒಂದೇ ಅಲ್ಲ ಎಂದು ಅಮೆರಿಕದ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ 1974ರಲ್ಲೇ ತೋರಿಸಿದ್ದು ಅವಳ ಸಿಲೆಬಸ್ಸಿನಲ್ಲಿಯೇ ಇದೆ. ದಾವೆ ಹೂಡದ ಹೆಣ್ಣುಮಗಳು ಅಂಜುಬುರುಕಿ ಅಲ್ಲ. ಅವಳ ಮುಂದಿರುವ ಲೆಕ್ಕ ಬೇರೆ: ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೋ ಇಲ್ಲವೋ, ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ತವರಿನ ಬಾಗಿಲು ತೆರೆದಿರುತ್ತದೋ ಇಲ್ಲವೋ. ಸುಮಾ ಮಾತಾಡಿಸಿದ ಹೆಂಗಸರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅದನ್ನು ಗೌರವದಿಂದ ಬರೆಯುವುದೇ ಒಳ್ಳೆಯ ಪ್ರಬಂಧ.

ಆದರೆ ಸೋಮವಾರ ಬರುತ್ತಿತ್ತು. ಹಾಗಾಗಿ ಸಲಹೆ ಸ್ಪಷ್ಟವಾಗಿಯೇ ಇರಬೇಕಾಯಿತು: ಈ ವಾರ ಸಹಿ ಬೇಡ. ಪಾಲು ಕೇಳು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಉತಾರದಲ್ಲಿ ಹೆಸರು ಇಲ್ಲದಿದ್ದರೂ ಹಕ್ಕು ಹೋಗುವುದಿಲ್ಲ, ಆದರೆ ಹಕ್ಕುಬಿಡುಗಡೆ ಪತ್ರ ನೋಂದಣಿಯಾದರೆ ಹೋಗುತ್ತದೆ. ಆಮೇಲೆ ಅದನ್ನು ರದ್ದು ಮಾಡಿಸಲು ಕೋರ್ಟಿಗೇ ಹೋಗಬೇಕು, ಒತ್ತಾಯದಿಂದಲೋ ಮೋಸದಿಂದಲೋ ಸಹಿಯಾಯಿತೆಂದು ಸಾಬೀತು ಮಾಡಬೇಕು. ತಡ ಮಾಡಿದರೆ ಅಣ್ಣನಿಗೆ ಸಿಟ್ಟು ಬರುತ್ತದೆ, ಅದು ಇಳಿದೀತು.

ಕಾನೂನಿನ ವಿಷಯಕ್ಕೆ ನಾನು ವಕೀಲಳಲ್ಲ. ಉಚಿತ ಕಾನೂನು ನೆರವಿನ ಕಚೇರಿಗೆ ಕಳಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ಸಿಗುತ್ತದೆ. ಈ ಮಾತು ಗೊತ್ತಿಲ್ಲದ ಹೆಣ್ಣುಮಕ್ಕಳು ಇನ್ನೂ ಬಹಳ. ಅಲ್ಲಿಯ ವಕೀಲೆ ತಿಳಿಹೇಳಿದ ಮೇಲೆ ಅತ್ತೆಯ ಕಥೆಗೂ ಇವಳದಕ್ಕೂ ಇರುವ ಫರಕು ಸುಮಾಗೆ ಕಂಡಿತು. ಕರ್ನಾಟಕ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತ್ತು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಅತ್ತೆ ಆ ಹೊರಗಿಟ್ಟವರಲ್ಲಿ ಒಬ್ಬಳು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನು ಅಳಿಸಿತು. ಈ ಹಕ್ಕು ಹುಟ್ಟಿನಿಂದ ಬಂದದ್ದು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅತ್ತೆ ಸಹಿ ಹಾಕಿದಾಗ ಇದ್ದ ಕಾನೂನೇ ಬೇರೆ. ಆಕೆಯ ಸಹಿಯನ್ನು ಈಕೆ ಮೇಲ್ಪಂಕ್ತಿ ಮಾಡಿಕೊಳ್ಳಬೇಕಿಲ್ಲ.

ಪ್ರಬಂಧದ ಮಾತು ಬೇಗ ಮುಗಿಯಿತು. ವಿಷಯ ಬಿಡಬೇಡ ಎಂದೆ. ತನ್ನ ಮನೆಯಲ್ಲೂ ಇದೇ ನಡೆಯುತ್ತಿದೆ ಎಂದು ಗೈಡಿಗೆ ನೇರವಾಗಿ ಹೇಳಿ, ವಿಧಾನದ ಅಧ್ಯಾಯದಲ್ಲಿ ಒಂದು ಪ್ಯಾರಾದಲ್ಲಿ ಅದನ್ನು ಬರೆಯಬೇಕು. ಮನೆಯವರ ಒಪ್ಪಿಗೆಯಿಲ್ಲದೆ ಮನೆಯ ಕಥೆಯನ್ನು ಪ್ರಕರಣವಾಗಿ ಹಾಕಬಾರದು. ವಸ್ತುನಿಷ್ಠವಾಗಿರು ಎಂದು ಗೈಡ್ ಹೇಳಿದ್ದನ್ನು ಅವಳು ‘ನಿನಗೇನೂ ಅನಿಸಬಾರದು’ ಎಂದು ಕೇಳಿಸಿಕೊಂಡಿದ್ದಳು. ತಾನು ಎಲ್ಲಿ ನಿಂತು ನೋಡುತ್ತಿದ್ದೇನೆಂದು ಓದುಗರಿಗೆ ತಿಳಿಸಿದರೆ ಸಾಕು. ಮುಂದೆ ಎಲ್‌ಎಲ್‌.ಬಿ. ಮಾಡಲೇ ಎಂದೂ ಕೇಳಿದಳು. ಎಂ.ಎ. ಮುಗಿಸಿ ಮೂರು ವರ್ಷದ ಕೋರ್ಸಿಗೆ ಸೇರಬಹುದು. ಆದರೆ ಆ ನಿರ್ಧಾರವನ್ನು ಅಣ್ಣನ ಮೇಲಿನ ಸಿಟ್ಟಿನಲ್ಲಿ ತೆಗೆದುಕೊಳ್ಳಬೇಡ, ಪರೀಕ್ಷೆ ಮುಗಿಯಲಿ ಎಂದೆ.

ಅಣ್ಣನಿಗೆ ಏನು ಹೇಳಬೇಕೆಂಬುದನ್ನು ಇಬ್ಬರೂ ಕೂತು ಮಾತಾಡಿ ನೋಡಿದೆವು. ಕಾಯ್ದೆಯ ಹೆಸರು ಎತ್ತಬೇಡ, ಮೊದಲ ಮಾತಿಗೇ ಕಾಯ್ದೆ ಬಂದರೆ ಜಗಳವೇ ಎಂದೆ. ಅವಳೇ ಹುಡುಕಿಕೊಂಡ ಮಾತು ಇದು: “ಅಣ್ಣಾ, ಪರೀಕ್ಷಾ ಮುಗೀಲಿ. ಆ ಕಾಗದ ನನಗ ಕಳಸು, ಓದ್ತೀನಿ. ಮಾವನ್ನ ಕರೀರಿ, ಅವ್ವನೂ ಇರ್ಲಿ, ಎಲ್ಲಾರೂ ಕೂತು ಮಾತಾಡೂಣು.” ಸೋದರಮಾವನನ್ನು ಕರೆಯುವ ಯೋಚನೆ ಅವಳದೇ. ನನಗೆ ಬಹಳ ಹಿಡಿಸಿತು. ನಮ್ಮ ಕಡೆ ವಾಟ್ನಿಯ (ಆಸ್ತಿ ಪಾಲಿನ) ಮಾತಿಗೆ ಅವ್ವನ ಅಣ್ಣತಮ್ಮಂದಿರ ದನಿಗೆ ತೂಕವಿದೆ.

ಅಣ್ಣ ಸಿಟ್ಟಾದ. ಮೂರು ವಾರ ಫೋನ್ ಬರಲಿಲ್ಲ. ಆ ದಿನಗಳಲ್ಲಿ ಸುಮಾ ವಾರಕ್ಕೊಮ್ಮೆ ಬಂದು ಕೂತಳು. ನಿದ್ದೆ ತೀರಾ ಕೆಟ್ಟ ರಾತ್ರಿಗಳಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟಿದ್ದೆ, ಒಮ್ಮೆ ಕರೆ ಮಾಡಿದ್ದಾಗಿ ಹೇಳಿದಳು. ಮೂರನೇ ಅಧ್ಯಾಯ ಮುಗಿಯಿತು.

ಕಡೆಗೆ ಫೋನ್ ಮಾಡಿದ್ದು ಅವ್ವ. ಮಗಳನ್ನು ಬೈಯಲಿಕ್ಕೆ ಅಲ್ಲ. “ಅಲ್ಲವಾ, ಆ ಕಾಗದದಾಗ ನನ್ನ ಸಹೀನೂ ಕೇಳ್ಯಾರ. ನಂದೂ ಪಾಲ ಐತೇನ ಅದರಾಗ?” ಎಂದು ಕೇಳಿದರಂತೆ. ಗಂಡನ ಪಾಲಿಗೆ ಬಂದದ್ದರಲ್ಲಿ ವಿಧವೆಗೂ ಒಬ್ಬ ಮಗನಷ್ಟೇ, ಮಗಳಷ್ಟೇ ಭಾಗವಿದೆ ಎಂದು ಆಕೆಗೆ ಈವರೆಗೆ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಅವ್ವನನ್ನೂ ಕರೆದುಕೊಂಡು ವಕೀಲೆಯ ಬಳಿ ಹೋಗುವುದೆಂದು ಸುಮಾ ನಿಶ್ಚಯಿಸಿದ್ದಾಳೆ. ಮಾವ ಬರಲು ಒಪ್ಪಿದ್ದಾರೆ. ಪತ್ರಕ್ಕೆ ಇನ್ನೂ ಯಾರೂ ಸಹಿ ಮಾಡಿಲ್ಲ.