ನಾವು ಮೊಟ್ಟೆ ಕೂಡ ತಿನ್ನೋದಿಲ್ಲ, ಮಗನ ಮೆದುಳಿಗೆ ಹುಳು ಹೇಗೆ ಹೋಯ್ತು?

ನೀವು ಹಾವೇರಿಯವರು. ಎಂಟು ವರ್ಷದ ಗಟ್ಟಿಮುಟ್ಟಾದ ಮಗನಿಗೆ ಶಾಲೆಯಲ್ಲಿ ಇದ್ದಕ್ಕಿದ್ದಂತೆ ಫಿಟ್ಸ್ ಬಂದಿದೆ. ಸ್ಕ್ಯಾನ್ ಮಾಡಿಸಿದರೆ ನ್ಯೂರೋಸಿಸ್ಟಿಸರ್ಕೋಸಿಸ್, ಅಂದರೆ ಮೆದುಳಿನಲ್ಲಿ ಲಾಡಿಹುಳುವಿನ ಮರಿ ಕೂತಿದೆ, ಅಂದಿದ್ದಾರೆ. 'ಹೊರಗೆ ಏನು ತಿನ್ನಿಸಿದ್ರಿ' ಅಂತ ಮನೆಯಲ್ಲಿ ಜಗಳ ಬೇರೆ. ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ವಾರ್ಡಿನ ಸಿಸ್ಟರ್. ಈ ಜಗಳ ಬಹಳ ನೋಡಿದ್ದೇನೆ. ಮೊದಲು ಅದನ್ನು ನಿಲ್ಲಿಸಿ.

ಅರೆಬೆಂದ ಹಂದಿಮಾಂಸ ತಿಂದವರಿಗೆ ಹೊಟ್ಟೆಯಲ್ಲಿ ಲಾಡಿಹುಳು ಆಗುತ್ತದೆ. ಅದರ ಮೊಟ್ಟೆ ಅವರ ಮಲದಲ್ಲಿ ಹೊರಬೀಳುತ್ತದೆ. ಆ ಮೊಟ್ಟೆ ಯಾರ ಹೊಟ್ಟೆಗೆ ಹೋದರೂ ಮರಿ ರಕ್ತದಲ್ಲಿ ಸೇರಿ ಮೆದುಳಿಗೆ ಬಂದು ಕೂರಬಹುದು. ಮಾಂಸ ತಿಂದವರು ಯಾರೋ, ಫಿಟ್ಸ್ ಬರೋದು ಇನ್ಯಾರಿಗೋ. ಬಯಲು ಶೌಚ, ಕೊಳಚೆ ನೀರು, ತೊಳೆಯದ ಕೈ, ಇಷ್ಟು ಸಾಕು. ಹುಬ್ಬಳ್ಳಿಯ ಉಣಕಲ್ ನಾಲಾದ ಕೊಳಚೆ ನೀರು ಹಾಯಿಸಿ ತರಕಾರಿ ಬೆಳೆಯೋದು ನಮ್ಮ ಕಡೆ ಗುಟ್ಟೇನಲ್ಲ. ಇನ್ನು ರೊಟ್ಟಿ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಇಲ್ಲದಿದ್ದರೆ ನಮಗೆ ಊಟ ಸೇರೋದಿಲ್ಲ ಅಲ್ವಾ? ಬಿಡಿ ಅನ್ನೋದಿಲ್ಲ, ನಾನೂ ಬಿಟ್ಟಿಲ್ಲ. ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಉಪ್ಪುನೀರಲ್ಲಿ ಅದ್ದಿದರೆ ಮೊಟ್ಟೆ ಸಾಯೋದಿಲ್ಲ, ಬೇಯಿಸಿದರೆ ಸಾಯುತ್ತದೆ. ಮಗನಿಗೆ ಸದ್ಯ ಬೇಯಿಸಿದ್ದನ್ನೇ ಕೊಡಿ.

ಈಗಲೇ ಯಾಕೆ ಬಂತು ಅಂತಲೂ ಕೇಳಿದ್ದೀರಿ. ಜೀವಂತ ಮರಿ ವರ್ಷಗಟ್ಟಲೆ ಸುಮ್ನೆ ಇರಬಹುದು. ಅದು ಸಾಯತೊಡಗಿದಾಗ ದೇಹ ಎಚ್ಚೆತ್ತು ಸುತ್ತ ಬಾವು ಬರುತ್ತದೆ, ಆ ಬಾವಿನಿಂದ ಫಿಟ್ಸ್. ನಮ್ಮ ದೇಶದ ಮಕ್ಕಳಲ್ಲಿ ಜಾಸ್ತಿ ಕಾಣೋದು ಇಂಥ ಮರಿಯ ಒಂದೇ ಗಂಟು. ಎಷ್ಟೋ ಮಕ್ಕಳಲ್ಲಿ ಅದು ಕೆಲವು ತಿಂಗಳಲ್ಲಿ ಕರಗಿಯೂ ಹೋಗುತ್ತದೆ. ಟಿಬಿ ಗಂಟು ಕೂಡ ಸ್ಕ್ಯಾನ್‌ನಲ್ಲಿ ಹೀಗೇ ಕಾಣಬಹುದು. ಹಾಗಾಗಿ ಡಾಕ್ಟರು ಎಂಆರ್‌ಐ ಬರೆದರೆ ಸುಮ್ನೆ ಖರ್ಚು ಅಂದುಕೊಳ್ಳಬೇಡಿ.

ಈ ಹುಳು ಸಾಯಿಸುವ ಔಷಧಿ ಅಲ್ಬೆಂಡಜೋಲ್ ವಿಷಯದಲ್ಲಿ ಮಾತ್ರ ಹುಷಾರು. ಶಾಲೆಯಲ್ಲಿ ಜಂತುಹುಳುವಿಗೆ ಕೊಡೋದೂ ಇದೇ ಔಷಧಿ, 400 ಮಿಲಿಗ್ರಾಂನ ಒಂದೇ ಮಾತ್ರೆ. ಇಲ್ಲಿ ಮಗುವಿನ ತೂಕ ನೋಡಿ ದಿನಗಟ್ಟಲೆ ಕೊಡುತ್ತಾರೆ. ಹುಳು ಸಾಯುವಾಗ ಬಾವು ಏರಬಾರದು ಅಂತ ಜೊತೆಗೆ ಸ್ಟೀರಾಯ್ಡ್ ಇರುತ್ತದೆ. ಶುರು ಮಾಡುವ ಮೊದಲು ಕಣ್ಣಿನೊಳಗೆ ಹುಳು ಇದೆಯಾ ಅಂತಲೂ ನೋಡುತ್ತಾರೆ. ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಡಾಕ್ಟರನ್ನು ಕೇಳುವ ತನಕ ಮಗನಿಗೆ ಆ ಮಾತ್ರೆ ಬೇಡ ಅಂತ ಶಾಲೆಗೂ ಹೇಳಿಡಿ.

ಫಿಟ್ಸ್ ಮಾತ್ರೆಯನ್ನು 'ಈಗ ಆರಾಮ ಇದ್ದಾನೆ' ಅಂತ ನಿಲ್ಲಿಸಬಾರದು. ಮತ್ತೆ ಸ್ಕ್ಯಾನ್ ನೋಡಿ ಡಾಕ್ಟರೇ ಹೇಳುತ್ತಾರೆ. ಗಂಟು ಸುಣ್ಣಗಟ್ಟಿದ್ದರೆ ಇನ್ನಷ್ಟು ಕಾಲ ಬೇಕಾಗಬಹುದು. ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ ಬೇಡ, ಕೈಗೆ ಬೀಗದ ಕೈ ಬೇಡ, ಮೂಗಿಗೆ ಉಳ್ಳಾಗಡ್ಡಿಯೂ ಬೇಡ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.

ಮಗನಿಂದ ತಂಗಿಗೆ ಅಂಟೋದಿಲ್ಲ, ಒಟ್ಟಿಗೆ ಮಲಗಲಿ, ಆಡಲಿ. ಆದರೆ ಯಾರ ಹೊಟ್ಟೆಯಲ್ಲಾದರೂ ಲಾಡಿಹುಳು ಇದೆಯಾ ಅಂತ ಮನೆಯವರೆಲ್ಲ ಒಮ್ಮೆ ಮಲ ಪರೀಕ್ಷೆ ಮಾಡಿಸಿಕೊಳ್ಳಿ. ಅಡುಗೆಗೆ ಬರುವವರು ಇದ್ದರೆ, ಬೇಜಾರಾಗದ ಹಾಗೆ ಹೇಳಿ ಅವರಿಗೂ ಮಾಡಿಸಿ.