ಉಪಗ್ರಹ ಇದ್ದರೂ ಬಂಡೀಪುರಕ್ಕೆ ಬೆಂಕಿ ಯಾಕೆ ಬೀಳುತ್ತದೆ ಅಂತ ಕೇಳಿದ್ದಿರಿ

ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ. ಮೇಲೆ ಉಪಗ್ರಹ ಸುತ್ತುತ್ತಿದೆ, ಅರಣ್ಯ ಇಲಾಖೆ ಹತ್ತಿರ ಡ್ರೋನ್ ಇದೆ, ಗಾರ್ಡುಗಳ ಕೈಯಲ್ಲಿ ಆ್ಯಪ್ ಇದೆ, ಆದರೂ ಬೇಸಿಗೆ ಬಂದರೆ ನಮ್ಮ ಕಡೆ ಹೊಗೆ ಏಳುವುದು ಯಾಕೆ ಅಂತ. ನಾನು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರಿನವನು. ಇಲ್ಲಿ ಕಂಡಂತೆ ಹೇಳುತ್ತೇನೆ.

ಮೊದಲು ಜಾಗ ತಿಳಿದುಕೊಳ್ಳಿ. ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ಬಂಡೀಪುರ, ಮುದುಮಲೆ ದಾಟಿ ಊಟಿಗೆ ಹೋಗುತ್ತದೆ. ಇನ್ನೊಂದು ನಮ್ಮ ಮದ್ದೂರು (ಮಂಡ್ಯದ್ದಲ್ಲ), ಮೂಲೆಹೊಳೆ ದಾಟಿ ಸುಲ್ತಾನ್ ಬತ್ತೇರಿಗೆ, ಅಲ್ಲಿಂದ ಕೋಳಿಕ್ಕೋಡಿಗೆ. ನಮ್ಮ ತರಕಾರಿ ಲಾರಿಗಳು ಹೋಗುವುದೂ ಆ ಕಡೆಗೇ. ಸಂತೆಯಲ್ಲಿ ಕನ್ನಡದ ಜೊತೆ ತಮಿಳು, ಮಲಯಾಳಂ ಕಿವಿಗೆ ಬೀಳುವುದು ನಮಗೆ ಹೊಸದೇನಲ್ಲ. ಬಂಡೀಪುರ, ಮುದುಮಲೆ, ವಯನಾಡು, ನಾಗರಹೊಳೆ ಎಲ್ಲ ಒಂದಕ್ಕೊಂದು ಅಂಟಿಕೊಂಡ ಒಂದೇ ಕಾಡು. ಅದರೊಳಗೆ ರಾಜ್ಯ ಮೂರು, ಇಲಾಖೆ ಮೂರು.

ಜನವರಿ ಕಳೆದ ಮೇಲೆ ಈ ಕಾಡನ್ನು ನೋಡಬೇಕು ನೀವು. ಮಲೆನಾಡಿನ ಹಾಗೆ ವರ್ಷವಿಡೀ ಹಸಿರಾಗಿರುವುದಲ್ಲ ಇದು, ಎಲೆ ಉದುರಿಸುವ ಕಾಡು. ತೇಗ, ದಿಂಡಿಗ, ಮತ್ತಿ ಎಲ್ಲ ಬೋಳಾಗಿ ನಿಲ್ಲುತ್ತವೆ. ನೆಲದ ಮೇಲೆ ಗರಿಗರಿ ತರಗು, ಅದರ ನಡುವೆ ಒಣಹುಲ್ಲು, ಎಲ್ಲಿ ನೋಡಿದರೂ ಲಂಟಾನ. ಲಂಟಾನ ಪೊದೆ ಮೇಲೆ ಸ್ವಲ್ಪ ಹಸಿರು ಕಂಡರೂ ಒಳಗೆ ಬರೀ ಒಣ ಕಡ್ಡಿ. ನೆಲದಲ್ಲೇ ಹರಿಯುತ್ತಿದ್ದ ಸಣ್ಣ ಬೆಂಕಿ ಆ ಪೊದೆ ಮುಟ್ಟಿತು ಅಂದರೆ ಮರದ ಕೊಂಬೆವರೆಗೂ ಏರುತ್ತದೆ.

ಈಗ ತಂತ್ರಜ್ಞಾನದ ಮಾತು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆಯವರು 2004ರಿಂದಲೇ ಉಪಗ್ರಹದ ಮಾಹಿತಿ ಹಿಡಿದು ರಾಜ್ಯಗಳಿಗೆ ಬೆಂಕಿಯ ಎಚ್ಚರಿಕೆ ಕೊಡುತ್ತಿದ್ದಾರೆ. ಮೊದಲು ನಾಸಾದ ಟೆರ್ರಾ, ಆಕ್ವಾ ಉಪಗ್ರಹಗಳಲ್ಲಿರುವ ಮೋಡಿಸ್ ಅನ್ನುವ ಉಪಕರಣದ ಮಾಹಿತಿ. ಅದರ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಒಂದು ಚದರ ಕಿಲೋಮೀಟರ್, ಹತ್ತಿರ ಹತ್ತಿರ 250 ಎಕರೆ. ಆಮೇಲೆ ಬಂದ ವಿಯರ್ಸ್ ಉಪಕರಣದ ಚುಕ್ಕಿ 375 ಮೀಟರ್ ಚೌಕ, ಅಂದರೆ ಸುಮಾರು 35 ಎಕರೆ. ಬಿಸಿಯಾದದ್ದು ಹೊರಗೆ ಬಿಡುವ ಅತಿಗೆಂಪು ಕಿರಣವನ್ನು ಇವು ಹಿಡಿಯುತ್ತವೆ. ಸುತ್ತಲಿನ ನೆಲಕ್ಕಿಂತ ಒಂದು ಚುಕ್ಕಿ ತೀರಾ ಜಾಸ್ತಿ ಬಿಸಿ ಕಂಡರೆ ಬೆಂಕಿ ಅಂತ ಗುರುತು. ಆ ಗುರುತನ್ನು ಕಾಡಿನ ನಕ್ಷೆಯ ಮೇಲಿಟ್ಟು, ಯಾವ ವಲಯ, ಯಾವ ಬೀಟು (ಒಬ್ಬ ಗಾರ್ಡು ಕಾಯುವ ಜಾಗ) ಅಂತ ನೋಡಿ, ಸಂಬಂಧಪಟ್ಟವರ ಫೋನಿಗೆ ಎಸ್ಸೆಮ್ಮೆಸ್ ಕಳಿಸುತ್ತಾರೆ. 2019ರ ಜನವರಿಯಲ್ಲಿ ಈ ವ್ಯವಸ್ಥೆಯ ಹೊಸ ರೂಪ ಬಂತು, ದೊಡ್ಡ ಬೆಂಕಿಯನ್ನು ಆರುವವರೆಗೂ ಬೆನ್ನುಹತ್ತಿ ನೋಡುವುದೂ ಶುರುವಾಯಿತು. ಇಲಾಖೆಯವರೇ ಆಗಬೇಕು ಅಂತೇನಿಲ್ಲ, ಸಾಮಾನ್ಯ ಜನರೂ ನೋಂದಾಯಿಸಿಕೊಳ್ಳಬಹುದು. ನಾನು ಚಾಮರಾಜನಗರದ ಜೊತೆಗೆ ನೀಲಗಿರಿ, ವಯನಾಡನ್ನೂ ಹಾಕಿಕೊಂಡಿದ್ದೇನೆ. ಗಡಿಯಲ್ಲಿ ಇರುವವರಿಗೆ ಒಂದು ಜಿಲ್ಲೆ ಸಾಲುವುದಿಲ್ಲ.

ಇದರಿಂದ ಆದ ಉಪಕಾರ ಸಣ್ಣದಲ್ಲ. ಹಿಂದೆ ಬೆಂಕಿ ಬಿದ್ದದ್ದು ಗೊತ್ತಾಗಬೇಕಾದರೆ ಯಾರಾದರೂ ಹೊಗೆ ಕಾಣಬೇಕಿತ್ತು, ಕಂಡವರು ನಡೆದು ಬಂದು ಹೇಳಬೇಕಿತ್ತು. ಒಳಗಾಡಿನ ಗುಡ್ಡದ ಹಿಂದೆ ಹೊತ್ತಿದ್ದು ಎಷ್ಟೋ ಸಲ ತಾನೇ ಉರಿದು ತಾನೇ ಆರಿದ ಮೇಲೆ ಗೊತ್ತಾಗುತ್ತಿತ್ತು. ಈಗ ಹಾಗಿಲ್ಲ.

ಆದರೆ ಉಪಗ್ರಹ ನಮ್ಮ ತಲೆ ಮೇಲೆ ಕಾವಲು ನಿಂತಿಲ್ಲ, ಇದನ್ನು ಹೊರಗಿನವರು ಮರೆಯುತ್ತಾರೆ. ಅದು ಹಾದು ಹೋಗುತ್ತದೆ. ವಿಯರ್ಸ್ ಬರುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸಿನಲ್ಲಿ. ಮಧ್ಯಾಹ್ನ ಮೂರಕ್ಕೆ ಬೆಂಕಿ ಬಿದ್ದರೆ? ಫೆಬ್ರವರಿಯ ಗಾಳಿಗೆ ಅದು ಕತ್ತಲಾಗುವ ಹೊತ್ತಿಗೆ ಒಂದು ಬೋರೆಯನ್ನೇ, ಅಂದರೆ ಇಡೀ ದಿಬ್ಬವನ್ನೇ, ಮುಗಿಸಿರುತ್ತದೆ. ಒಂದೇ ಕಡೆ ನಿಂತು ನೋಡುವ ಇನ್ಸಾಟ್ ಉಪಗ್ರಹ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ ನಿಜ, ಆದರೆ ಅದರ ಚುಕ್ಕಿ ಕಿಲೋಮೀಟರ್‌ಗಟ್ಟಲೆ ಅಗಲ, ಆಗತಾನೇ ಹೊತ್ತಿದ ಬೆಂಕಿ ಅದಕ್ಕೆ ಎಲ್ಲಿ ಕಾಣಬೇಕು? ಕಾಡಂಚಿನ ಹೊಲದಲ್ಲಿ ಯಾರಾದರೂ ಕಬ್ಬಿನ ತರಗು ಸುಟ್ಟರೂ ಉಪಗ್ರಹಕ್ಕೆ ಬೆಂಕಿ ಬೆಂಕಿಯೇ. ಬಂದ ಎಸ್ಸೆಮ್ಮೆಸ್‌ನಲ್ಲಿ ಇರುವುದು ಅಕ್ಷಾಂಶ, ರೇಖಾಂಶದ ಉದ್ದನೆಯ ಅಂಕಿ. ಗಾರ್ಡು ಅದನ್ನು ಫೋನಿನ ನಕ್ಷೆಯಲ್ಲಿ ಇಟ್ಟು ನೋಡಿ, ಬೇಸಿಗೆಯಲ್ಲಿ ಬೆಂಕಿ ಕಾಯುವ ವಾಚರ್‌ಗೆ "ಇಂಥ ಹಳ್ಳ ದಾಟಿ, ದೊಡ್ಡ ಅರೆ ಇದೆಯಲ್ಲ, ಅದರ ಮೇಲ್ಗಡೆ ಅಣ್ಣ" ಅಂತ ವಾಕಿಟಾಕಿಯಲ್ಲಿ ಹೇಳಬೇಕು. ವಾಕಿಟಾಕಿಯೇ, ಯಾಕೆಂದರೆ ಒಳಗೆ ಹೋದಂತೆ ಫೋನಿನ ಸಿಗ್ನಲ್ ಹೋಗುತ್ತದೆ. ಆಮೇಲೆ ನಡಿಗೆ. ಆನೆ ಇರುವ ಕಾಡಿನಲ್ಲಿ, ಹೊಗೆಯಲ್ಲಿ.

2019ರ ಫೆಬ್ರವರಿ ನಿಮಗೂ ನೆನಪಿರಬೇಕು. ಬಂಡೀಪುರದ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಬೆಂಕಿ. ಗಾಳಿ ಎಷ್ಟಿತ್ತು ಅಂದರೆ ಒಂದು ಗುಡ್ಡದಲ್ಲಿ ಬಡಿದು ಆರಿಸುವಷ್ಟರಲ್ಲಿ ಕಿಡಿ ಹಾರಿ ಎದುರು ಗುಡ್ಡ ಹೊತ್ತುತ್ತಿತ್ತು. ಕಡೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಕೆಟ್ಟಿನಲ್ಲಿ ನೀರು ತಂದು ಸುರಿಯಬೇಕಾಯಿತು. ಬೆಂಕಿ ಎಚ್ಚರಿಕೆಯ ಹೊಸ ವ್ಯವಸ್ಥೆ ಬಂದು ಒಂದು ತಿಂಗಳಾಗಿತ್ತಷ್ಟೆ. ಮಾಹಿತಿಗೆ ಬರವಿರಲಿಲ್ಲ. ಆದರೆ ಅಂಥ ಗಾಳಿಯಲ್ಲಿ, ಅಷ್ಟು ಒಣಗಿದ ಕಾಡಿನಲ್ಲಿ, ಬೆಂಕಿ ಎಲ್ಲಿದೆ ಅಂತ ತಿಳಿದ ಮಾತ್ರಕ್ಕೆ ಅದನ್ನು ನಿಲ್ಲಿಸಲು ಆಗುವುದಿಲ್ಲ. ಆಗ ಫೋನಿನಿಂದ ಇನ್ನೊಂದು ಕಾಟವೂ ಆಯಿತು. ಬೇರೆ ಯಾವುದೋ ದೇಶದ, ಯಾವುದೋ ಕಾಲದ ಸುಟ್ಟ ಪ್ರಾಣಿಗಳ ಫೋಟೋಗಳು ಬಂಡೀಪುರದ್ದು ಅಂತ ವಾಟ್ಸಾಪಿನಲ್ಲಿ ಓಡಾಡಿದವು. ಬೆಂಕಿ ಬಡಿಯುವ ಹೊತ್ತಿನಲ್ಲಿ ಅಧಿಕಾರಿಗಳು ಅದಕ್ಕೂ ಉತ್ತರ ಕೊಡುತ್ತಾ ಕೂರಬೇಕಾಯಿತು. ದಯವಿಟ್ಟು ಮುಂದೆ ಇಂಥದ್ದು ಬಂದರೆ ಯಾರಿಗೂ ಕಳಿಸಬೇಡಿ.

ಆ ಬೆಂಕಿ ಆರಿದ ಮೇಲೆ ಉಪಗ್ರಹ ನಿಜವಾಗಿ ಕೆಲಸಕ್ಕೆ ಬಂತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಚಿತ್ರ ನೋಡಿ ಸುಟ್ಟ ಜಾಗ ಹತ್ತು ಸಾವಿರ ಎಕರೆಗೂ ಜಾಸ್ತಿ ಅಂತ ಲೆಕ್ಕ ಕೊಟ್ಟರು. ಬದುಕಿರುವ ಎಲೆ ಒಂದು ಬಗೆಯ ಅತಿಗೆಂಪು ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ, ಸುಟ್ಟ ನೆಲ ಇನ್ನೊಂದು ಬಗೆಯದನ್ನು. ಎರಡನ್ನೂ ಹೋಲಿಸಿದರೆ ಸುಟ್ಟ ಅಂಚು ಚೆನ್ನಾಗಿ ಕಾಣುತ್ತದೆ. ಸೆಂಟಿನೆಲ್-2 ಥರದ ಉಪಗ್ರಹದ ಚಿತ್ರದಲ್ಲಿ 10 ಮೀಟರ್‌ವರೆಗಿನ ವಿವರ ಸಿಗುತ್ತದೆ. ಎಷ್ಟು ಸುಟ್ಟಿತು ಅಂತ ಅಂದಾಜಿನಲ್ಲಿ ಜಗಳ ಆಡುವ ಕಾಲ ಹೋಯಿತು, ಮುಚ್ಚಿಡುವುದಂತೂ ಆಗುವುದಿಲ್ಲ. ನನ್ನ ಪ್ರಕಾರ ಇದು ಬಹಳ ದೊಡ್ಡ ಬದಲಾವಣೆ. ಹಲವು ವರ್ಷದ ಬೆಂಕಿ ಚುಕ್ಕಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಅವೇ ಅಂಚು, ಅವೇ ರಸ್ತೆ ಬದಿ, ಅವೇ ದಾರಿಗಳು ಮತ್ತೆ ಮತ್ತೆ ಕಾಣುತ್ತವೆ. ಎಂ-ಸ್ಟ್ರೈಪ್ಸ್ ಅನ್ನುವ ಗಸ್ತು ಆ್ಯಪ್ ಹುಲಿ ಕಾಡುಗಳಿಗೆ 2010ರಲ್ಲೇ ಬಂದಿದೆ, ಗಾರ್ಡು ನಡೆದ ದಾರಿ ಅದರಲ್ಲಿ ಗೆರೆಯಾಗಿ ಉಳಿಯುತ್ತದೆ. ಗಸ್ತಿನ ಗೆರೆ ಇಲ್ಲದ ಕಡೆ ಬೆಂಕಿಯ ಚುಕ್ಕಿ ಜಾಸ್ತಿ ಇದ್ದರೆ ಮುಂದಿನ ವರ್ಷ ಕ್ಯಾಂಪ್ ಎಲ್ಲಿ ಹಾಕಬೇಕು ಅಂತ ಕೇಳುವ ಅಗತ್ಯವೇ ಇಲ್ಲ, ಅಲ್ವಾ?

ಬೆಂಕಿಯನ್ನು ತಡೆಯುವ ಕೆಲಸ ನಡೆಯುವುದು ಬೇಸಿಗೆಗೆ ಮುಂಚೆ, ಬೆಂಕಿ ರೇಖೆಯಲ್ಲಿ. ಒಂದು ಸಲ ನೋಡಿದರೆ ನಿಮಗೆ ಎಲ್ಲ ಅರ್ಥವಾಗುತ್ತದೆ. ಮೊದಲು ರಸ್ತೆಯ, ಗಡಿಯ ಉದ್ದಕ್ಕೂ ಒಂದು ಪಟ್ಟಿಯಲ್ಲಿ ಹುಲ್ಲು, ಲಂಟಾನ ಕಡಿದು ಬಿಡುತ್ತಾರೆ. ಅದು ಒಣಗಲು ಬಿಟ್ಟು, ಗಾಳಿ ಇಲ್ಲದ ಹೊತ್ತು ನೋಡಿ ಅದಕ್ಕೆ ತಾವೇ ಬೆಂಕಿ ಕೊಡುತ್ತಾರೆ. ಒಬ್ಬ ಮುಂದೆ ಹಚ್ಚುತ್ತಾ ಹೋಗುತ್ತಾನೆ, ಎರಡೂ ಬದಿಯಲ್ಲಿ ಉಳಿದವರು ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಂತಿರುತ್ತಾರೆ. ಬೆಂಕಿ ಪಟ್ಟಿ ದಾಟಿ ಕಾಡಿನ ಕಡೆ ನಾಲಿಗೆ ಚಾಚಿದರೆ ಆ ಕೊಂಬೆಯಿಂದ ಬಡಿಯುತ್ತಾರೆ. ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಅದಕ್ಕೆ ನೆಲಕ್ಕೆ ಒತ್ತಿ ಎಳೆಯುವ ಹಾಗೆ ಬಡಿಯಬೇಕು, ಇದು ಹೊಸಬರಿಗೆ ಬೇಗ ಬರುವುದಿಲ್ಲ. ಆಮೇಲೆ ಗಾಳಿಗೆ ಮತ್ತೆ ತರಗು ಬಿದ್ದು ಪಟ್ಟಿ ಮುಚ್ಚಿಕೊಳ್ಳುತ್ತದೆ, ಆಗ ಬೆನ್ನಿಗೆ ಬ್ಲೋವರ್ ಕಟ್ಟಿಕೊಂಡು ತರಗು ಊದುತ್ತಾ ನಡೆಯಬೇಕು. ಪೆಟ್ರೋಲ್ ಇಂಜಿನ್ನಿನ ಸದ್ದಿಗೆ ಹಿಂದೆ ಆನೆ ಬಂದರೂ ಕೇಳಿಸುವುದಿಲ್ಲ, ಅದಕ್ಕೇ ಜೊತೆಗೆ ಇನ್ನೊಬ್ಬ ಬೇಕು.

ಈ ಕೆಲಸ ಮಾಡುವವರಲ್ಲಿ ಜೇನುಕುರುಬರ ಹಾಡಿಯವರು, ಸೋಲಿಗರು, ಕಾಡಂಚಿನ ಬಡ ಮನೆಗಳ ಹುಡುಗರು ಬಹಳ. ಬೇಸಿಗೆ ಮುಗಿದರೆ ಫೈರ್ ವಾಚರ್ ಕೆಲಸವೂ ಮುಗಿಯುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಬಿಟ್ಟರು. ಹಾಗಾಗಿ ಹೊಸ ಡ್ರೋನ್ ಬಂತು ಅಂತ ಯಾರಾದರೂ ಹೇಳಿದರೆ ನನಗೆ ಸಂತೋಷವೇ, ಆದರೆ ಜೊತೆಗೆ ವಾಚರ್‌ಗಳಿಗೆ ಬೂಟು, ವಿಮೆ, ಸಮಯಕ್ಕೆ ಸರಿಯಾಗಿ ಕೂಲಿ ಇದೆಯಾ ಅಂತ ಕೇಳುತ್ತೇನೆ. ನೀವೂ ಕೇಳಿ.

ಬೆಂಕಿ ಹಚ್ಚುವವರು ಯಾರು ಅಂತ ಮುಂದಿನ ಪ್ರಶ್ನೆ ಬರುತ್ತದೆ. ನಮ್ಮ ಕಾಡಿನಲ್ಲಿ ಬೆಂಕಿ ಹೆಚ್ಚುಕಮ್ಮಿ ಪೂರ್ತಿ ಮನುಷ್ಯರಿಂದಲೇ. ಮಳೆ ಬಿದ್ದ ಮೇಲೆ ಹೊಸ ಹುಲ್ಲು ಚೆನ್ನಾಗಿ ಬರಲಿ ಅಂತ ದನ ಮೇಯಿಸುವವರು, ಜಿಂಕೆ ಉದುರಿಸಿದ ಕೊಂಬು ಹುಡುಕುವವರು, ಬೀಡಿ ಸೇದಿ ಎಸೆಯುವವರು, ಕಾರು ನಿಲ್ಲಿಸಿ ಅಡುಗೆ ಮಾಡುವ ಪ್ರವಾಸಿಗಳು. ಇದರ ಜೊತೆಗೆ ಸಿಟ್ಟು. ಆನೆ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ತುಳಿದು ಹೋಗಿರುತ್ತದೆ, ಹುಲಿ ಹಸು ಹಿಡಿದಿರುತ್ತದೆ, ಪರಿಹಾರದ ಕಾಗದ ಹಿಡಿದು ಅಲೆದು ಸಾಕಾಗಿರುತ್ತದೆ. ಸಿಟ್ಟಿಗೆ ಕಾಡು ಸುಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ, ಆದರೆ ಆ ಸಿಟ್ಟು ಎಲ್ಲಿಂದ ಬಂತು ಅಂತ ನೋಡದೆ ಬೆಂಕಿಯನ್ನು ತಡೆಯಲು ಬರುವುದಿಲ್ಲ. ಈ ವಿಷಯದಲ್ಲಿ ಫೋನಿನಿಂದ ಆಗಿರುವ ಉಪಕಾರದ ಬಗ್ಗೆ ಯಾರೂ ಬರೆಯುವುದಿಲ್ಲ. ಪರಿಹಾರದ ಅರ್ಜಿ ಈಗ ಇ-ಪರಿಹಾರ ತಂತ್ರಾಂಶದಲ್ಲಿ ಸಾಗುತ್ತದೆ. ವನ್ಯಜೀವಿ ಅಧ್ಯಯನ ಕೇಂದ್ರದವರ ವೈಲ್ಡ್ ಸೇವೆ 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿದೆ. ಉಚಿತ ನಂಬರಿಗೆ ಫೋನ್ ಮಾಡಿದರೆ ಅವರ ಹುಡುಗರು ಹೊಲಕ್ಕೇ ಬಂದು ಫೋಟೋ ತೆಗೆದು ಅರ್ಜಿ ತುಂಬಿಸಿ ಕೊಡುತ್ತಾರೆ. ಓದು ಬರಹ ಬಾರದ ಅಜ್ಜಿಗೆ ದುಡ್ಡು ಕೈ ಸೇರಿದರೆ ಆ ಮನೆಯಲ್ಲಿ ಕಾಡಿನ ಮೇಲಿನ ಕೋಪ ಅಷ್ಟು ಇಳಿಯುತ್ತದೆ. ನನ್ನ ಕೇಳಿದರೆ ಇದೂ ಬೆಂಕಿ ತಡೆಯುವ ಕೆಲಸವೇ.

ಗಡಿಯ ವಿಷಯ ಒಂದಿಷ್ಟು. ಮುದುಮಲೆ ಕಡೆ ಗಡಿಗೆ ಮೋಯಾರ್ ಹೊಳೆ, ವಯನಾಡು ಕಡೆ ಮೂಲೆಹೊಳೆ ಅನ್ನುವ ಹೊಳೆ. ಬೇಸಿಗೆಯಲ್ಲಿ ನೀರು ಸೊರಗಿದ ಮೇಲೆ ಈ ಹೊಳೆಗಳು ಕಿಡಿಯನ್ನು ತಡೆಯುತ್ತವೆ ಅಂತ ನಂಬಿ ಕೂರುವ ಹಾಗಿಲ್ಲ. ಆ ದಡದ ಬೆಂಕಿಯ ಎಸ್ಸೆಮ್ಮೆಸ್ ಹೋಗುವುದು ಆ ರಾಜ್ಯದವರಿಗೆ. ಈ ದಡದವರಿಗೆ ಮೊದಲು ಸುದ್ದಿ ಮುಟ್ಟುವುದು ಪರಿಚಯದಿಂದ. ಚೆಕ್‌ಪೋಸ್ಟಿನವರು ಚೆಕ್‌ಪೋಸ್ಟಿನವರಿಗೆ, ಲಾರಿ ಡ್ರೈವರ್ ಟೀ ಅಂಗಡಿಯವನಿಗೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಮೂರೂ ಕಡೆಯ ಬೀಟ್ ಗಾರ್ಡುಗಳಿಗೆ ಒಂದೇ ನಕ್ಷೆ, ಒಂದೇ ಎಚ್ಚರಿಕೆ ಬರುವ ಹಾಗಾದರೆ ಎಷ್ಟು ಚೆನ್ನ. ಉಪಗ್ರಹದ ಮಾಹಿತಿಯಲ್ಲಿ ರಾಜ್ಯದ ಗೆರೆ ಇರುವುದೇ ಇಲ್ಲ, ಆ ಗೆರೆ ನಾವು ಆಮೇಲೆ ಎಳೆದದ್ದು.

ಇನ್ನೊಂದು ಮಾತು ಹೇಳದಿದ್ದರೆ ಪೂರ್ತಿ ಆಗುವುದಿಲ್ಲ. ನಮ್ಮದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ತರಗು ಬೆಂಕಿ ಅಂತ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ತರಗು ಅಷ್ಟಾಗಿ ಒಣಗದ ಹೊತ್ತಿಗೆ, ನೆಲದಲ್ಲಿ ಮೆಲ್ಲಗೆ ಹರಿಯುವ ಸಣ್ಣ ಬೆಂಕಿ. ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಅದು ನಿಂತ ಮೇಲೇ ಲಂಟಾನ ಹೀಗೆ ತುಂಬಿದ್ದು, ಈಗ ಬೀಳುವ ಬೆಂಕಿ ಮರವನ್ನೇ ಕೊಲ್ಲುವಷ್ಟು ದೊಡ್ಡದಾಗಿದ್ದು ಅಂತ ಸೋಲಿಗ ಹಿರಿಯರು ಹೇಳುತ್ತಾರೆ. ಅದನ್ನು ಸಂಶೋಧಕರೂ ಗಂಭೀರವಾಗಿ ತೆಗೆದುಕೊಂಡು ಬರೆದಿದ್ದಾರೆ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ತಮ್ಮ ಕಾಡನ್ನು ಬಳಸುವ, ಕಾಯುವ ಹಕ್ಕು ಸಿಕ್ಕಿದೆ. ತರಗು ಎಷ್ಟು ಒಣಗಿದೆ, ಗಾಳಿ ಯಾವ ಕಡೆಗಿದೆ ಅಂತ ಇವತ್ತು ಉಪಗ್ರಹ, ಹವಾಮಾನ ಯಂತ್ರ ಹೇಳುತ್ತವೆ. ಯಾವ ಬೋರೆಗೆ ಯಾವ ವಾರ ಬೆಂಕಿ ಕೊಟ್ಟರೆ ತೊಂದರೆ ಇಲ್ಲ ಅಂತ ಆ ಹಿರಿಯರಿಗೆ ಗೊತ್ತು. ಇಬ್ಬರನ್ನೂ ಒಂದೇ ಕಡೆ ಕೂರಿಸಿ, ಒಂದು ಸಣ್ಣ ಜಾಗದಲ್ಲಿ, ಇಲಾಖೆಯ ಕಣ್ಣೆದುರಿಗೇ ಮಾಡಿ ನೋಡಬೇಕು ಅನ್ನುವುದು ನನ್ನ ಆಸೆ. ಹಿರಿಯರು ಇರುವಾಗಲೇ ಆಗಬೇಕು ಅದು.

ನೀವು ಫೆಬ್ರವರಿ, ಮಾರ್ಚ್‌ನಲ್ಲಿ ಈ ದಾರಿಯಲ್ಲಿ ಬರುತ್ತೀರಿ ಅಂದಿರಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಮುಚ್ಚಿರುತ್ತದೆ, ಅದಕ್ಕೆ ತಕ್ಕಂತೆ ಹೊರಡಿ. ಕಾಡಿನ ನಡುವೆ ಗಾಡಿ ನಿಲ್ಲಿಸಬೇಡಿ, ಕಿಟಕಿಯಿಂದ ಏನೂ ಎಸೆಯಬೇಡಿ. ಹೊಗೆ ಕಂಡರೆ ಇಳಿದು ವಿಡಿಯೋ ಮಾಡುತ್ತಾ ನಿಲ್ಲದೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ ನೋಡಿಕೊಂಡು ಮುಂದಿನ ಚೆಕ್‌ಪೋಸ್ಟಿನಲ್ಲಿ ಹೇಳಿ. ಊಟಿ ದಾರಿಯಾದರೆ ಮೇಲುಕಾಮನಹಳ್ಳಿ ಇಲ್ಲವೇ ಕೆಕ್ಕನಹಳ್ಳ, ಕೇರಳದ ದಾರಿಯಾದರೆ ಮದ್ದೂರು ಇಲ್ಲವೇ ಮೂಲೆಹೊಳೆ. ಸಿಗ್ನಲ್ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಯಾವ ಕಲ್ಲು, ರಸ್ತೆಯ ಎಡಕ್ಕಾ ಬಲಕ್ಕಾ, ಹೊಗೆ ಬಿಳಿಯಾ ಕಪ್ಪಾ, ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೆ ಗೊತ್ತಾಗುತ್ತದೆ.