ನಾನು ಅಧ್ಯಯನ ಮಾಡುತ್ತಿರುವ ಜೀನ್ ತೆಗೆದರೂ ಇಲಿಯ ಸ್ನಾಯು ಚೆನ್ನಾಗಿಯೇ ಇದೆ. ಇದನ್ನು ಬಿಟ್ಟು ಸ್ನಾಯುವಿನ ಬೇರೆ ಜೀನ್‌ಗಳಾದ ಪ್ಯಾಕ್ಸ್7 ಹಿಡಿಯಲಾ, ಮಯೋಡಿ ಹಿಡಿಯಲಾ?

ಎರಡೂ ಬೇಡ, ಇರುವ ಜೀನನ್ನೇ ಇಟ್ಟುಕೊಳ್ಳಿ. ಪಿಎಚ್‌ಡಿ ಮಾಡುವಾಗ ನನಗೂ ಹೀಗೇ ಆಗಿತ್ತು. ನಮ್ಮ ಜೀನ್ ಇಲ್ಲದ ಇಲಿಗಳು ಹುಟ್ಟಿದವು, ಓಡಾಡಿದವು, ಮರಿ ಹಾಕಿದವು. ಕಾಲಿನ ಸ್ನಾಯು ಕೊಯ್ದು ನೋಡಿದರೆ ಏನೂ ಕೊರತೆಯಿಲ್ಲ. ಸ್ನಾಯುವಿಗೂ ಇದಕ್ಕೂ ಸಂಬಂಧವಿಲ್ಲ ಅಂತ ಬರೆದು ಬೇರೆ ಕೆಲಸಕ್ಕೆ ಹೋದೆ. ಆಮೇಲೆ ಇನ್ನೊಂದು ಲ್ಯಾಬ್‌ನವರು ಅದೇ ಜೀನ್ ಮೇಲೆ ಪೇಪರ್ ತಂದರು. ಅವರು ಜಾಸ್ತಿ ಮಾಡಿದ್ದು ಒಂದೇ: ಸ್ನಾಯುವಿಗೆ ಗಾಯ ಮಾಡಿದ್ದರು.

ನಾನು ನೋಡಿದ್ದು ಗಾಯವಾಗದ ಸ್ನಾಯು. ಅದರಲ್ಲಿ ಸ್ಯಾಟಲೈಟ್ ಕೋಶಗಳು, ಅಂದರೆ ಸ್ನಾಯು ರಿಪೇರಿ ಮಾಡುವ ಕಾಂಡಕೋಶಗಳು, ಸ್ನಾಯುವಿನ ನಾರಿಗೆ ಅಂಟಿಕೊಂಡು ಸುಮ್ನೆ ಮಲಗಿರುತ್ತವೆ. ಅವುಗಳಲ್ಲಿ ಪ್ಯಾಕ್ಸ್7 ಇರುತ್ತದೆ, ಮಯೋಡಿ ಪ್ರೋಟೀನ್ ಕಾಣಿಸುವುದಿಲ್ಲ. ಗಾಯವಾದ ಮೇಲೆಯೇ ಅವು ಏಳುವುದು. ಆಗ ಮಯೋಡಿ ಬರುತ್ತದೆ, ಕೋಶಗಳು ವಿಭಜನೆಯಾಗಿ ಹೆಚ್ಚಾಗುತ್ತವೆ, ಮಯೋಜೆನಿನ್ ಅನ್ನುವ ಪ್ರೋಟೀನ್ ಬಂದ ಮೇಲೆ ಬೆಸೆದುಕೊಂಡು ಹೊಸ ನಾರಾಗುತ್ತವೆ. ನಮ್ಮ ಜೀನ್‌ಗೆ ಕೆಲಸ ಇದ್ದದ್ದೇ ಆಗ. ಕೆಲಸವೇ ಇಲ್ಲದ ಹೊತ್ತಿನಲ್ಲಿ ಅದರ ಕೊರತೆ ಹುಡುಕಿದರೆ ಹೇಗೆ ಕಾಣುತ್ತದೆ, ಹೇಳಿ? ಸ್ನಾಯುವಿಗೆ ಗಾಯ ಮಾಡಲು ನಾಗರಹಾವಿನ ವಿಷದಿಂದ ತೆಗೆದ ಕಾರ್ಡಿಯೋಟಾಕ್ಸಿನ್ ಚುಚ್ಚಿ ಒಂದು ವಾರ ಕಾದಿದ್ದರೆ ಸಾಕಿತ್ತು. ಬಣ್ಣ ಹಾಕಿದ ಸ್ಲೈಡ್‌ನಲ್ಲಿ ಹೊಸ ನಾರು ಥಟ್ಟನೆ ಗುರುತು ಸಿಗುತ್ತದೆ. ಅಡ್ಡ ಕೊಯ್ದ ನಾರಿನ ಗುಲಾಬಿ ವೃತ್ತದ ಅಂಚಿನಲ್ಲಿ ಇರಬೇಕಾದ ನೀಲಿ ನ್ಯೂಕ್ಲಿಯಸ್ ಅದರಲ್ಲಿ ನಟ್ಟನಡುವೆ ಇರುತ್ತದೆ. ಅಂಥ ನಾರುಗಳು ಎಷ್ಟಿವೆ, ಎಷ್ಟು ದಪ್ಪ ಅಂತ ಅಳೆದಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು.

ಮಯೋಡಿಗೂ ಹೀಗೇ ಆಗಿದೆ, ಅಲ್ವಾ? 1987ರಲ್ಲಿ ಸಿಯಾಟಲ್‌ನ ಹೆರಾಲ್ಡ್ ವೈನ್‌ಟ್ರಾಬ್ ಲ್ಯಾಬ್ ಇದೊಂದೇ ಜೀನ್‌ನಿಂದ ಸ್ನಾಯುವಲ್ಲದ ಫೈಬ್ರೋಬ್ಲಾಸ್ಟ್ ಕೋಶಗಳನ್ನು ಸ್ನಾಯು ಕೋಶ ಮಾಡಿ ತೋರಿಸಿತು. ಆದರೆ 1992ರಲ್ಲಿ ಮಯೋಡಿ ಇಲ್ಲದ ಇಲಿ ಹುಟ್ಟಿಸಿದಾಗ ಸ್ನಾಯು ಮಾಮೂಲಾಗಿಯೇ ಇತ್ತು. ಮರುವರ್ಷ ಮಿಫ್5 ಜೀನನ್ನೂ ಜೊತೆಗೆ ತೆಗೆದರು, ಅಸ್ಥಿಸ್ನಾಯುವೇ ಬೆಳೆಯಲಿಲ್ಲ. 1996ರಲ್ಲಿ ಗಾಯ ಮಾಡಿ ನೋಡಿದಾಗ ಮಯೋಡಿ ಒಂದೇ ಇಲ್ಲದಿದ್ದರೂ ರಿಪೇರಿ ಕುಂಟಿತು. ಪ್ಯಾಕ್ಸ್7 ವಿಷಯದಲ್ಲೂ ಉತ್ತರ ಬದಲಾಯಿತು. ಬೆಳೆದ ಇಲಿಯ ಸ್ನಾಯು ರಿಪೇರಿಗೆ ಅದು ಬೇಡ ಅಂತ 2009ರಲ್ಲಿ ಪೇಪರ್ ಬಂತು, ಬೇಕೇ ಬೇಕು ಅಂತ 2013ರಲ್ಲಿ ಬಂತು.

ಹಾಗಾಗಿ ಜೀನ್ ಆರಿಸುವ ಯೋಚನೆ ಬಿಟ್ಟು ಗಾಯದ ಪ್ರಯೋಗ ಮಾಡಿ. ಒಮ್ಮೆ ವಾಸಿಯಾದ ಸ್ನಾಯುವಿಗೇ ಇನ್ನೊಮ್ಮೆ ಚುಚ್ಚಿ. ಸ್ಯಾಟಲೈಟ್ ಕೋಶಗಳು ತಮ್ಮ ಸಂಖ್ಯೆ ತುಂಬಿಕೊಳ್ಳದೇ ಹೋಗಿದ್ದರೆ ಮೊದಲ ಸಲ ಗೊತ್ತಾಗದೆ ಇರಬಹುದು, ಎರಡನೇ ಸಲ ಎದ್ದು ಕಾಣುತ್ತದೆ. ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲಿ ಎರಡೂ ಸಲದ ಗಾಯವನ್ನು ಈಗಲೇ ಸೇರಿಸಿ. ಆಮೇಲೆ ಮತ್ತೆ ಅನುಮತಿ ಕೇಳುವಷ್ಟರಲ್ಲಿ ನಿಮ್ಮ ಇಲಿಗಳಿಗೆ ವಯಸ್ಸಾಗಿಬಿಡುತ್ತದೆ.